ಚರ್ಮಗಂಟು ರೋಗ: ಎತ್ತಿನ ಹಲ್ಲು ನೋಡ್ತೀವಿ, ಮಾರುವವರ ಕೊಟ್ಟಿಗೆ ಯಾರು ನೋಡ್ತಾರ?

ವಿಜಯಪುರ: ಸಂಕ್ರಮಣ ಬಂತಂದ್ರ ಸಿದ್ಧೇಶ್ವರ ಜಾತ್ರೆ, ಸಿದ್ಧೇಶ್ವರ ಜಾತ್ರೆ ಅಂದ್ರ ತೊರವಿ ಹತ್ತಿರದ ದನದ ಜಾತ್ರೆ. ತಿಕೋಟಾ, ಬಬಲೇಶ್ವರ ಕಡೆಯಿಂದ ಟ್ರ್ಯಾಕ್ಟರ್, ಪಿಕಪ್ ಗಾಡಿಗಳಲ್ಲಿ ಎತ್ತು, ಹೋರಿ ಬಂದು ಇಳಿಯುತ್ತವೆ. ಗಡಿ ಆಚೆ ಜತ್ತ, ಸೊಲ್ಲಾಪುರ ಕಡೆಯವರೂ ಬರ್ತಾರೆ. ಖಿಲಾರಿ ತಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಸೊಲ್ಲಾಪುರ, ಸಾಂಗಲಿ, ಸಾತಾರಾ ಎಷ್ಟು ಅದರ ತವರೋ, ವಿಜಯಪುರ, ಬಾಗಲಕೋಟೆ, ಬೆಳಗಾವಿನೂ ಅಷ್ಟೇ ತವರು.

ಅಲ್ಲಿ ವ್ಯಾಪಾರ ನಡೆಯೋದನ್ನು ನೋಡಿದವರಿಗೆ ಗೊತ್ತು, ಕೊಳ್ಳುವ ರೈತ ಸುಮ್ಮನೆ ರೊಕ್ಕ ಬಿಚ್ಚೋ ಮನುಷ್ಯ ಅಲ್ಲ. ಎತ್ತಿನ ಬಾಯಿ ಬಿಚ್ಚಿಸಿ ಹಲ್ಲು ಎಣಿಸ್ತಾನೆ. ಸುಳಿ ಎಲ್ಲೆಲ್ಲಿ ಅದಾವ ಅಂತ ಮೈಯೆಲ್ಲ ತಡವಿ ನೋಡ್ತಾನೆ. ಕೊಂಬು, ಗೊರಸು, ಬಾಲದ ಕುಚ್ಚು, ನಡಿಗೆ, ಎಲ್ಲಾ ಆಯ್ತು. ನಾಲ್ಕು ಹೆಜ್ಜೆ ಓಡಿಸಿ ನೋಡಿದ ಮೇಲೆ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾನೆ. ಇಷ್ಟೆಲ್ಲ ಪರೀಕ್ಷೆ ಮಾಡೋ ಜನ ಒಂದು ಪ್ರಶ್ನೆ ಮಾತ್ರ ಕೇಳೋದಿಲ್ಲ: "ನಿಮ್ಮ ಕೊಟ್ಟಿಗ್ಯಾಗ ಬ್ಯಾರೆ ಯಾವ ದನಕ್ಕರೆ ಜಡ್ಡು ಅದ ಏನ್ರಿ?"

ಕೇಳಿದರೂ ಮಾರುವವ ಉತ್ತರ ಹೇಳಬೇಕಂತೇನಿಲ್ಲ ಅನ್ನೋದು ಸಂತೆಯ ಹಳೇ ರಿವಾಜು. ಚರ್ಮಗಂಟು ರೋಗ ಬಂದ ಮೇಲೆ ಈ ರಿವಾಜಿನ ಲೆಕ್ಕ ಬದಲಾಗಿದೆ. ಆದರೆ ಸಂತೆಯ ನಡವಳಿಕೆ ಇನ್ನೂ ಬದಲಾಗಿಲ್ಲ.

2022ರಲ್ಲಿ ಏನಾಯ್ತು?

ಈ ರೋಗ ಮೊದಲು ಕಂಡಿದ್ದು ಆಫ್ರಿಕಾದ ಜಾಂಬಿಯಾದಲ್ಲಿ, 1929ರಲ್ಲಿ. ಭಾರತಕ್ಕೆ ಕಾಲಿಟ್ಟಿದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ಗುಜರಾತ, ರಾಜಸ್ಥಾನದ ಕಡೆ ದನಗಳು ರಾಶಿ ರಾಶಿ ಸತ್ತ ಸುದ್ದಿ ಬಂತು, ಅದೇ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಕರ್ನಾಟಕದಲ್ಲೂ ಹಬ್ಬಿತು. ರಾಜ್ಯದಲ್ಲಿ ಸಾವಿರಾರು ದನ ಸತ್ತವು. ಸರ್ಕಾರ ಜಾನುವಾರು ಸಂತೆ, ಜಾತ್ರೆ, ಸಾಗಣೆಗೆ ನಿರ್ಬಂಧ ಹಾಕಿತು. ಸತ್ತ ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಣೆ ಆಯ್ತು.

ಮನುಷ್ಯರಿಗೆ ಇದು ಅಂಟೋದಿಲ್ಲ, ಕಾಯಿಸಿದ ಹಾಲಿನಿಂದ ಅಪಾಯ ಇಲ್ಲ. ಆಗ ಇದರ ಬಗ್ಗೆ ಹಬ್ಬಿದ ಗಾಳಿಮಾತಿಗೆ ಲೆಕ್ಕವಿಲ್ಲ, ಹಾಲು ಹಾಕುವವರು ಸುಮ್ಮನೆ ಪೆಟ್ಟು ತಿಂದರು. ದನಕ್ಕೆ ಮಾತ್ರ ಇದು ಕೆಟ್ಟ ರೋಗ. ಮೊದಲು ಜ್ವರ, ಕಣ್ಣು ಮೂಗಿನಲ್ಲಿ ನೀರು, ಆಮೇಲೆ ಮೈತುಂಬ ಗಂಟು, ಕೆಲವಕ್ಕೆ ಕಾಲು ಬಾವು. ಸಾಯೋದು ಸಾಮಾನ್ಯವಾಗಿ ನೂರಕ್ಕೆ ಐದರೊಳಗೆ. ಆದರೆ ಉಳಿದವು ಸಹ ಹಾಲು ಇಳಿಸ್ತವೆ, ಗಬ್ಬ ಹಾಕ್ತವೆ, ಎತ್ತಾದರೆ ನೊಗಕ್ಕೆ ಹೆಗಲು ಕೊಡೋದಿಲ್ಲ. ಜೋಳದ ರಾಶಿ ಹೊತ್ತಿಗೆ ಎತ್ತು ಮಲಗಿದರೆ ಆ ಮನೆಯ ಕಷ್ಟ ಲೆಕ್ಕದ ಪುಸ್ತಕದಲ್ಲಿ ಬರೋದಿಲ್ಲ.

ಮುಖ್ಯ ವಿಷಯ ಇದು: ರೋಗ ಹರಡೋದು ಹೆಚ್ಚಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ. ಒಂದು ನೊಣ ಎಷ್ಟು ದೂರ ಹಾರೀತು? ಊರ ಈ ತುದಿಯಿಂದ ಆ ತುದಿ. ತಿಕೋಟಾದಲ್ಲಿನ ಗಂಟು ಬಬಲೇಶ್ವರಕ್ಕೆ ಒಂದೇ ರಾತ್ರಿಯಲ್ಲಿ ಬಂತು ಅಂದರೆ ಅದು ನೊಣದ ರೆಕ್ಕೆಯ ಮೇಲೆ ಬಂದಿದ್ದಲ್ಲ, ಪಿಕಪ್ ಗಾಡಿಯಲ್ಲಿ ಬಂದಿದ್ದು. ದೂರದ ದಾರಿಗೆ ಮನುಷ್ಯನೇ ಅದರ ವಾಹನ. ಅಂದರೆ ಮಾರಾಟ.

ಸುಳ್ಳು ಹೇಳದೆನೂ ಮೋಸ ಆಗ್ತದ

ತಿಕೋಟಾ ತಾಲ್ಲೂಕಿನ ಯಾವುದೋ ಒಂದು ಊರು ಅನ್ಕೊಳ್ಳಿ. ಒಬ್ಬ ರೈತನ ಕೊಟ್ಟಿಗೆಯಲ್ಲಿ ನಾಲ್ಕು ದನ. ಒಂದು ಆಕಳಿಗೆ ಮೈಮೇಲೆ ಗಂಟು ಎದ್ದಿವೆ. ಉಳಿದ ಮೂರು ಗಟ್ಟಿಮುಟ್ಟಾಗಿ ಮೇವು ತಿನ್ನುತ್ತಿವೆ. ರೈತನಿಗೆ ಹೆದರಿಕೆ: ಇವಕ್ಕೂ ಬಂದರೆ? ಬರೋದರೊಳಗೆ ಜೋಡಿ ಎತ್ತು ಮಾರಿಬಿಡೋಣ ಅಂತ ಸಂತೆಗೆ ಹೊಡ್ಕೊಂಡು ಹೋಗ್ತಾನೆ. ಕೊಳ್ಳುವವ ಕೇಳ್ತಾನೆ, "ಎತ್ತು ಆರಾಮ ಅದಾವಿಲ್ರಿ ಯಪ್ಪಾ?" ಮಾರುವವ ಹೇಳ್ತಾನೆ, "ನೋಡ್ರಲ್ಲಾ, ಮೈಮ್ಯಾಲೆ ಒಂದು ಕಲೆ ಅದ ಏನು?"

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎತ್ತಿನ ಮೈಮೇಲೆ ಕಲೆ ಇಲ್ಲ. ಆದರೆ ವೈರಾಣು ಮೈಯೊಳಗೆ ಹೊಕ್ಕ ಮೇಲೆ ಗಂಟು ಏಳಲು ನಾಲ್ಕೈದು ದಿನದಿಂದ ನಾಲ್ಕು ವಾರದವರೆಗೆ ಹಿಡಿಯಬಹುದು. ಅಂತಾರಾಷ್ಟ್ರೀಯ ಪಶು ಆರೋಗ್ಯ ಸಂಸ್ಥೆ ತನ್ನ ನಿಯಮಗಳಲ್ಲಿ ಈ ಅವಧಿಯನ್ನು 28 ದಿನ ಅಂತ ಹಿಡಿದಿದೆ. ಹಾಗಾಗಿ ಸಂತೆಯಲ್ಲಿ ನಿಂತ ದನದ ಮೈ ನೋಡಿ ರೋಗ ಇಲ್ಲ ಅನ್ನೋದು ಮೋಡ ಇಲ್ಲದ ಆಕಾಶ ನೋಡಿ ಈ ತಿಂಗಳು ಮಳಿ ಇಲ್ಲ ಅಂದಂಗ.

ಇಲ್ಲೇ ಮಾರುವವರ ಪ್ರಾಮಾಣಿಕತೆಯ ಪ್ರಶ್ನೆ ಬೇರೆ ರೂಪ ತಗೊಳ್ಳೋದು. ಕುಂಟು ಎತ್ತು, ಹಾಯೋ ಆಕಳು, ಹಲ್ಲು ಉದುರಿದ ಮುದಿ ದನ ಇವುಗಳ ದೋಷ ಆ ದನದಲ್ಲೇ ಇರ್ತದೆ. ಕಣ್ಣು ಇದ್ದವ ನೋಡಿ ತಗೋಬಹುದು. ಅಂಟುರೋಗದ ದೋಷ ಎದುರಿಗೆ ನಿಂತ ದನದಲ್ಲಿ ಕಾಣೋದೇ ಇಲ್ಲ, ಅದರ ಸುಳಿವು ಇರೋದು ಮಾರುವವನ ಕೊಟ್ಟಿಗೆಯಲ್ಲಿ, ಅವನ ಓಣಿಯಲ್ಲಿ, ಕಳೆದ ಒಂದು ತಿಂಗಳಲ್ಲಿ ಅವ ಎಲ್ಲಿಂದ ಏನು ತಂದು ಕಟ್ಟಿದ ಅನ್ನೋದರಲ್ಲಿ. ಇದು ಗೊತ್ತಿರೋದು ಅವನೊಬ್ಬನಿಗೇ. ಹೀಗಾಗಿ "ನೋಡಿ ತಗೊಂಡಿಯಲ್ಲ" ಅನ್ನೋ ಮಾತಿಗೆ ಇಲ್ಲಿ ಅರ್ಥ ಇಲ್ಲ. ನೋಡಲಿಕ್ಕೆ ಏನೂ ಇರಲಿಲ್ಲ.

ಇನ್ನೂ ಒಂದು ವಿಚಿತ್ರ ಅದ. ಆರು ತಿಂಗಳ ಹಿಂದೆ ರೋಗ ಬಂದು ಪೂರ್ತಿ ವಾಸಿಯಾದ ಎತ್ತಿನ ಮೈಮೇಲೆ ಕಲೆ ಉಳಿದಿರ್ತದೆ. ಅಂಥ ಎತ್ತಿಗೆ ರೋಗನಿರೋಧಕ ಶಕ್ತಿ ಬಂದಿರ್ತದೆ, ಅದು ಬೇರೆ ದನಕ್ಕೆ ಹರಡುತ್ತಾ ಇರೋದಿಲ್ಲ. ಆದರೆ ಸಂತೆಯಲ್ಲಿ ಆ ಕಲೆ ನೋಡಿದ ಕೂಡಲೇ ರೇಟು ಬೀಳ್ತದೆ. ಪಕ್ಕದಲ್ಲೇ ರೋಗದ ಕೊಟ್ಟಿಗೆಯಿಂದ ಬಂದ, ಮೈ ಥಳಥಳ ಹೊಳೆಯೋ ಎತ್ತಿಗೆ ಜನ ಮುಗಿಬೀಳ್ತಾರೆ. ಕಲೆಯನ್ನು ಮುಚ್ಚದೆ ಕರೆತಂದವನಿಗೆ ಲುಕ್ಸಾನು.

ಕಾನೂನು ಎರಡು ನಾಲಿಗೆಯಲ್ಲಿ ಮಾತಾಡ್ತದ

ಮಾರುವವ ಬಾಯಿ ಮುಚ್ಕೊಂಡು ಇರಬಹುದೇ? ಇದರ ಬಗ್ಗೆ ಕಾನೂನು ಹೇಳೋದು ಕುತೂಹಲದ್ದು. ನಮ್ಮ ಕರಾರು ಕಾಯ್ದೆ 1872ರದ್ದು. ಅದರ 17ನೇ ಕಲಂ ಮೋಸ ಅಂದರೇನು ಅಂತ ಹೇಳ್ತದೆ, ಉದಾಹರಣೆಗೆ ಅದು ತಗೊಂಡಿದ್ದು ಪ್ರಾಣಿಯ ಮಾರಾಟವನ್ನೇ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರ್ತಾನೆ. ಕುದುರೆಗೆ ಐಬು ಇರೋದು ಅವನಿಗೆ ಗೊತ್ತು, ಆದರೆ ಏನೂ ಹೇಳೋದಿಲ್ಲ. ಇದು ಮೋಸ ಅಲ್ಲ ಅಂತದೆ ಕಾಯ್ದೆ! ಬರೀ ಮೌನ ಮೋಸ ಆಗೋದಿಲ್ಲ.

ಆದರೆ ಅದೇ ಕಲಂನಲ್ಲಿ ಇನ್ನೆರಡು ಉದಾಹರಣೆ ಇವೆ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ, ಆ ಸಂಬಂಧದ ಕಾರಣಕ್ಕೆ ಅವ ಹೇಳಲೇಬೇಕು. ಇನ್ನೊಂದು ನಮ್ಮ ಸಂತೆಗೆ ಬೇಕಾದ್ದು: ಕೊಳ್ಳುವವ, "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿ ಇದೆ ಅಂತ ತಿಳ್ಕೊಳ್ತೀನಿ" ಅಂತ ಬಾಯಿಬಿಟ್ಟು ಹೇಳಿದಾಗ ಮಾರುವವ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಅಂದರೆ ಸುಮ್ಮನಿದ್ದು ಮಾರಿದ್ದೂ ಸುಳ್ಳು ಹೇಳಿ ಮಾರಿದ್ದೂ ಒಂದೇ.

150 ವರ್ಷದ ಹಿಂದಿನ ಈ ಕಾಯ್ದೆ ಹೊರೆಯನ್ನೆಲ್ಲ ಕೊಳ್ಳುವವನ ಮೇಲೆ ಹಾಕ್ತದೆ ಅನ್ನೋದು ನಿಜ. ಆದರೂ ಒಂದು ಆಯುಧ ಕೈಗೆ ಕೊಡ್ತದೆ: ಕೇಳು. ಟವೆಲ್ ಕೆಳಗೆ ಬೆರಳು ಹಿಡಿಯೋ ಮೊದಲು, ನಾಲ್ಕು ಜನರ ಎದುರು, "ನಿಮ್ಮ ಕೊಟ್ಟಿಗ್ಯಾಗ, ನಿಮ್ಮ ಮಗ್ಗಲ ಮನಿಯಾಗ ತಿಂಗಳಿನಿಂದ ಗಂಟು ಬ್ಯಾನಿ ಇಲ್ಲಂತ ತಿಳ್ಕೊಂಡು ತಗೋತೀನ್ರಿ, ಇದ್ರ ಈಗೇ ಹೇಳ್ರಿ" ಅಂತ ಒಂದು ಮಾತು ಕೇಳಿದರೆ ವ್ಯವಹಾರದ ಸ್ವರೂಪವೇ ಬೇರೆ ಆಗ್ತದೆ. ಮೊಬೈಲ್‌ನಲ್ಲಿ ವಿಡಿಯೊ ಮಾಡ್ಕೊಂಡರೆ ಇನ್ನೂ ಚಲೋ.

ಎರಡನೇ ಕಾನೂನು 2009ರದ್ದು, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ. ಇದು ಮೌನವನ್ನು ಒಪ್ಪೋದೇ ಇಲ್ಲ. ಪಟ್ಟಿಯಲ್ಲಿರೋ ರೋಗ ತನ್ನ ದನಕ್ಕೆ ಬಂದಿದೆ ಅನ್ನಲು ಕಾರಣ ಇದ್ದರೆ ಮಾಲೀಕ ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು, ಅಲ್ಲಿಂದ ಪಶುವೈದ್ಯರಿಗೆ ವರದಿ ಹೋಗಬೇಕು. ರೋಗದ ದನವನ್ನು ಬೇರೆ ಕಟ್ಟಬೇಕು. ರೋಗ ಇದೆ ಅಂತ ಗೊತ್ತಿದ್ದೂ ಸಂತೆಗೆ, ಜಾತ್ರೆಗೆ ತರುವಂತಿಲ್ಲ. ಚರ್ಮಗಂಟು ರೋಗ, ಕಾಲುಬಾಯಿ ರೋಗ, ಕುರಿ ಮೇಕೆಗಳ ಸಿಡುಬು ಮತ್ತು ಪಿಪಿಆರ್ ಎಲ್ಲವೂ ಆ ಪಟ್ಟಿಯಲ್ಲಿವೆ.

ಓದಲಿಕ್ಕೆ ಗಟ್ಟಿ ಕಾನೂನು. ಶಿಕ್ಷೆ ಎಷ್ಟು? ಮೊದಲ ಸಲ ತಪ್ಪಿಗೆ 1 ಸಾವಿರ ರೂಪಾಯಿವರೆಗೆ ದಂಡ. ಕಟ್ಟದಿದ್ದರೆ ಒಂದು ತಿಂಗಳವರೆಗೆ ಜೈಲು. ಮತ್ತೆ ಮಾಡಿದರೆ 2 ಸಾವಿರ ದಂಡ ಅಥವಾ ಎರಡು ತಿಂಗಳವರೆಗೆ ಜೈಲು. ಲಕ್ಷ ದಾಟೋ ಖಿಲಾರಿ ಜೋಡಿಯ ವ್ಯವಹಾರದಲ್ಲಿ ಒಂದು ಸಾವಿರ ಅಂದರೆ ಜಾತ್ರೆಗೆ ಎತ್ತು ಸಿಂಗಾರ ಮಾಡೋ ಖರ್ಚಿಗೂ ಸಾಲದ ಮೊತ್ತ. ಇಂಥ ದಂಡಕ್ಕೆ ಹೆದರಿ ಯಾರೂ ದನ ವಾಪಸ್ ಹೊಡ್ಕೊಂಡು ಹೋಗೋದಿಲ್ಲ.

ಮುಚ್ಚಿಡೋದು ಯಾಕೆ?

ಮಾರುವವನನ್ನು ಬೈಯೋದು ಸುಲಭ. ಅವನ ಲೆಕ್ಕವನ್ನೂ ಸ್ವಲ್ಪ ನೋಡಬೇಕು. 2022ರ ಪರಿಹಾರ ಬಂದಿದ್ದು ಸತ್ತ ದನಕ್ಕೆ. ರೋಗ ಬಂದು ಬದುಕಿದ ದನಕ್ಕೆ, ಹಾಲು ನಿಂತಿದ್ದಕ್ಕೆ, ಮಾರಬೇಕಾದ ಜೋಡಿಯನ್ನು ಮಾರದೆ ತಿಂಗಳುಗಟ್ಟಲೆ ಕಣಿಕೆ ಹಾಕಿ ಸಾಕಿದ್ದಕ್ಕೆ ಏನೂ ಇಲ್ಲ. ಒಂದು ಎತ್ತಿನ ಮೇವು ಹಿಂಡಿಗೆ ದಿನಕ್ಕೆ 200 ರೂಪಾಯಿ ಅಂತ ಹಿಡಿದರೂ ಜೋಡಿಗೆ 28 ದಿನಕ್ಕೆ 11 ಸಾವಿರ ದಾಟ್ತದೆ. ಮಗಳ ಮದುವೆಗೋ, ಬ್ಯಾಂಕಿನ ಕಂತಿಗೋ, ಬೋರ್‌ವೆಲ್ ಹಾಕಿದ ಸಾಲಕ್ಕೋ ಅಂತ ಜಾತ್ರೆಗೆ ದನ ತಂದವನಿಗೆ "ತಿಂಗಳು ತಡಿ" ಅಂದರೆ ಆ ತಿಂಗಳ ಬಡ್ಡಿ ಕಟ್ಟುವವರಾರು?

ಸತ್ಯ ಹೇಳಿದವನಿಗೆ ದನ ಮಾರಾಟ ಆಗೋದಿಲ್ಲ, ಊರಲ್ಲಿ ಹೆಸರು ಕೆಡ್ತದೆ, ಹಾಲಿನ ಡೇರಿಯಲ್ಲಿ ಎಲ್ಲರೂ ಓರೆ ನೋಟ ನೋಡ್ತಾರೆ. ಸುಮ್ಮನಿದ್ದವನಿಗೆ ಪೂರ್ತಿ ರೇಟು. ವ್ಯವಸ್ಥೆ ಹೀಗೆ ಇರುವಾಗ ಬಾಯಿಬಿಟ್ಟು ಹೇಳಿದವನೇ ಹುಚ್ಚ ಅನಿಸ್ಕೊಳ್ತಾನೆ. ಆದರೂ ಹೇಳುವವರು ಇದ್ದಾರೆ, "ಈ ಸಲ ಜಾತ್ರಿಗೆ ಒಯ್ಯೂದಿಲ್ಲ, ಮನ್ಯಾಗ ಜಡ್ಡು ಅದ" ಅಂತ ಮನೆಯಲ್ಲೇ ಕಟ್ಟುವವರು. ಅವರು ಪೇಪರಿನಲ್ಲಿ ಬರೋದಿಲ್ಲ, ಜಾತ್ರೆಯ ಬಹುಮಾನದ ಪಟ್ಟಿಯಲ್ಲೂ ಬರೋದಿಲ್ಲ.

ಇಲ್ಲಿ ತಳಿ ಸಾಕುವವರನ್ನೂ ಬರೀ ವ್ಯಾಪಾರಸ್ಥರನ್ನೂ ಬೇರೆ ಮಾಡಿ ನೋಡಬೇಕು. ಒಂದು ಸಂತೆಯಲ್ಲಿ ಕೊಂಡು ಇನ್ನೊಂದರಲ್ಲಿ ಮಾರುವ ವ್ಯಾಪಾರಿಗೆ ದನದ ಹಿಂದಿನ ತಿಂಗಳ ಚರಿತ್ರೆ ಗೊತ್ತೇ ಇರೋದಿಲ್ಲ. ಮುಂದಿನ ವಾರ ಅವ ಎಲ್ಲಿರ್ತಾನೋ ಕೊಂಡವನಿಗೂ ಗೊತ್ತಿರೋದಿಲ್ಲ. ಮನೆತನದಿಂದ ಖಿಲಾರಿ ಸಾಕ್ಕೊಂಡು ಬಂದವರ ಮಾತು ಬೇರೆ. "ಇಂಥವರ ಮನಿ ಹೋರಿ" ಅನ್ನೋ ಹೆಸರಿನ ಮೇಲೇ ಅವರ ರೇಟು ನಿಂತಿರ್ತದೆ. ಅವರ ಜವಾಬ್ದಾರಿ ಮಾರಾಟದ ದಿನಕ್ಕೆ ಮುಗಿಯೋದಿಲ್ಲ. ಬೀಜದ ಹೋರಿ ಕಟ್ಟಿದವರಿಗಂತೂ ಇನ್ನೂ ಹೆಚ್ಚು. ರೋಗ ಬಂದ ಹೋರಿಯ ವೀರ್ಯದಲ್ಲೂ ಈ ವೈರಾಣು ಇರ್ತದೆ ಅಂತ ಸಂಶೋಧನೆಗಳಲ್ಲಿ ಕಂಡುಬಂದಿದೆ. ಜ್ವರದಿಂದ ಎದ್ದ ಹೋರಿಯನ್ನು ಮರುವಾರವೇ ಊರ ಆಕಳುಗಳಿಗೆ ಬಿಟ್ಟು ರೊಕ್ಕ ಎಣಿಸಿದರೆ, ಮಾರಾಟ ಆಗದೇನೇ ರೋಗ ಮಾರಿದಂಗ.

ಹಾಗಂತ ಕೊಂಡವ ಹೇಳಿದ್ದೆಲ್ಲ ಖರೇ ಅಂತಲೂ ಅಲ್ಲ. ಮನೆಗೆ ತಂದು 20 ದಿನದ ಮೇಲೆ ಗಂಟು ಎದ್ದರೆ, ಅದು ಮಾರುವವನ ಕೊಟ್ಟಿಗೆಯಿಂದ ಬಂತೋ, ಜಾತ್ರೆಯ ಬಯಲಿನಲ್ಲಿ ಮಗ್ಗಲಿಗೆ ಕಟ್ಟಿದ ದನದಿಂದ ಬಂತೋ, ಕೊಂಡವನ ಮನೆಯ ಉಣ್ಣೆಯಿಂದಲೇ ಬಂತೋ ಯಾರೂ ಆಣೆ ಮಾಡಿ ಹೇಳಲಾಗದು. ಪಂಚಾಯ್ತಿ ಕಟ್ಟೆಯಲ್ಲಿ ಇಂಥ ಜಗಳ ಬಗೆಹರಿಯದೆ ಉಳಿಯೋದು ಇದಕ್ಕೇ. ಬರೆದಿಟ್ಟ ಒಂದು ಚೀಟಿ ಇಲ್ಲದಿದ್ದರೆ ಎರಡೂ ಕಡೆ ಬರೀ ಬಾಯಿಮಾತು.

ಇಂಗ್ಲೆಂಡಿನ ಒಂದು ಸಂತೆ

ಒಬ್ಬ ಮುಚ್ಚಿಟ್ಟರೆ ಎಷ್ಟು ದೂರ ಹೋಗಬಹುದು ಅನ್ನಲಿಕ್ಕೆ ಇಂಗ್ಲೆಂಡಿನ 2001ರ ಕಾಲುಬಾಯಿ ರೋಗದ ಕಥೆ ಸಾಕು. ಅಲ್ಲಿನ ಉತ್ತರ ಭಾಗದ ಒಂದು ಹಂದಿ ಸಾಕಣೆ ಕೇಂದ್ರದಲ್ಲಿ ರೋಗ ಇತ್ತು, ಮಾಲೀಕ ತಿಳಿಸಲಿಲ್ಲ. ಅಲ್ಲಿಂದ ಗಾಳಿಯಲ್ಲಿ ಹತ್ತಿರದ ಫಾರ್ಮಿನ ಕುರಿಗಳಿಗೆ ಹೋಯ್ತು. ಆ ಕುರಿಗಳು ಫೆಬ್ರುವರಿ ಮಧ್ಯದಲ್ಲಿ ಹೆಕ್ಸಮ್ ಅನ್ನೋ ಊರಿನ ಸಂತೆಗೆ ಬಂದವು, ಅಲ್ಲಿಂದ ಲಾಂಗ್‌ಟೌನ್ ಸಂತೆಗೆ. ಕುರಿಗಳಲ್ಲಿ ಈ ರೋಗದ ಲಕ್ಷಣ ಅಷ್ಟಾಗಿ ಕಾಣೋದಿಲ್ಲ. ಮಾರಿದವರಿಗೂ ಗೊತ್ತಿಲ್ಲ, ಕೊಂಡವರಿಗೂ ಗೊತ್ತಿಲ್ಲ. ಫೆಬ್ರುವರಿ 20ಕ್ಕೆ ಮೊದಲ ಪ್ರಕರಣ ಖಾತ್ರಿ ಆಗೋ ಹೊತ್ತಿಗೆ ಲಾರಿಗಳು ದೇಶದ ಮೂಲೆ ಮೂಲೆಗೆ ಕುರಿ ಇಳಿಸಿ ಆಗಿತ್ತು. ರೋಗ ತಡೆಯಲಿಕ್ಕೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಮೇ ತಿಂಗಳಲ್ಲಿ ನಡೆಯಬೇಕೆಂದಿದ್ದ ಸಾರ್ವತ್ರಿಕ ಚುನಾವಣೆ ಸಹ ಜೂನ್‌ಗೆ ಹೋಯ್ತು. ಆ ಹಂದಿ ಸಾಕಣೆದಾರನಿಗೆ 15 ವರ್ಷ ಪ್ರಾಣಿ ಸಾಕದಂತೆ ಕೋರ್ಟು ನಿಷೇಧ ಹಾಕಿತು.

ಗಮನಿಸಬೇಕಾದ್ದು ಏನಂದರೆ, ಸಂತೆಗೆ ಕುರಿ ತಂದವ ಸುಳ್ಳು ಹೇಳಿರಲಿಲ್ಲ. ಮುಚ್ಚಿಟ್ಟವ ಸಂತೆಗೆ ಬಂದಿರಲೇ ಇಲ್ಲ. ನೆರೆಮನೆಯವ ಹೇಳದ ಒಂದು ಮಾತಿಗೆ ಸಂತೆ ಬಲಿಯಾಯ್ತು. ಅದಕ್ಕೇ ನಮ್ಮಲ್ಲೂ ಪ್ರಶ್ನೆ ಕೇಳೋದಾದರೆ ಕೊಟ್ಟಿಗೆಯ ಜೊತೆಗೆ ಓಣಿಯ ಬಗ್ಗೆಯೂ ಕೇಳಬೇಕು.

ಇಂಜೆಕ್ಷನ್, ಲಸಿಕೆ ಮತ್ತು ಕಿವಿಯ ಬಿಲ್ಲೆ

ಸಂತೆಯ ದಿನ ದನದ ಮೈ ಬಿಸಿ ಇದ್ದರೆ ಗೊತ್ತಾಗಬೇಕಲ್ಲ ಅನ್ನಬಹುದು. ಜ್ವರ ಇಳಿಸೋ ಒಂದು ಇಂಜೆಕ್ಷನ್ ಬಿದ್ದರೆ ಆ ದಿನದ ಮಟ್ಟಿಗೆ ಮೈ ತಣ್ಣಗಿರ್ತದೆ, ದನ ಕಿವಿ ನಿಗುರಿಸಿ ನಿಲ್ತದೆ, ಮೇವೂ ತಿಂತದೆ. ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಇಂಥ ಔಷಧ ಕೊಡುವವರೂ ಆ ಮೋಸದಲ್ಲಿ ಪಾಲುದಾರರೇ.

ಲಸಿಕೆಯ ವಿಷಯದಲ್ಲೂ ಅರ್ಧ ಸತ್ಯ ಓಡ್ತದೆ. "ಲಸಿಕಿ ಹಾಕ್ಸೀವ್ರಿ" ಅಂದರೆ ಸಾಲದು, ಯಾವಾಗ ಅಂತ ಕೇಳಬೇಕು. ನಮ್ಮ ದೇಶದಲ್ಲಿ ಈ ರೋಗಕ್ಕೆ ಹಾಕ್ತಾ ಬಂದಿದ್ದು ಮೇಕೆ ಸಿಡುಬಿನ ಲಸಿಕೆ. ಎರಡೂ ವೈರಾಣು ಒಂದೇ ಕುಟುಂಬದವು, ಹಾಗಾಗಿ ಕೆಲಸ ಮಾಡ್ತದೆ. ಈ ರೋಗಕ್ಕೇ ಅಂತ ಹರಿಯಾಣದ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರ ಮತ್ತು ಇಜ್ಜತ್‌ನಗರದ ಪಶು ಸಂಶೋಧನಾ ಸಂಸ್ಥೆ ಕೂಡಿ ಮಾಡಿದ ಸ್ವದೇಶಿ ಲಸಿಕೆ 2022ರ ಆಗಸ್ಟ್‌ನಲ್ಲಿ ಬಿಡುಗಡೆ ಆಗಿದೆ. ಯಾವುದೇ ಆಗಲಿ, ಹಾಕಿದ ಮೇಲೆ ಮೈಯಲ್ಲಿ ಶಕ್ತಿ ಕೂಡಲು ಸುಮಾರು ಮೂರು ವಾರ ಬೇಕು. ಜಾತ್ರೆಯ ಹಿಂದಿನ ದಿನ ಹಾಕಿಸಿದ ಲಸಿಕೆ ಸರ್ಟಿಫಿಕೇಟಿಗೆ ಉಪಯೋಗ, ದನಕ್ಕಲ್ಲ. ಸಂಕ್ರಮಣಕ್ಕೆ ಮಾರೋದಿದ್ದರೆ ಡಿಸೆಂಬರ್ ಮೂರನೇ ವಾರದೊಳಗೆ ಹಾಕಿಸಿರಬೇಕು.

ದಿನಾಂಕ ಪರೀಕ್ಷೆ ಮಾಡಲಿಕ್ಕೆ ದಾರಿ ಅದ. ದನದ ಕಿವಿಗೆ ಹಾಕೋ ಹಳದಿ ಬಿಲ್ಲೆಯ ಮೇಲೆ 12 ಅಂಕಿಯ ನಂಬರ್ ಇರ್ತದೆ. ಸರ್ಕಾರಿ ಲಸಿಕೆ ಹಾಕಿದಾಗ ಆ ನಂಬರಿಗೆ ದಾಖಲೆ ಆಗ್ತದೆ, ಪಶು ದವಾಖಾನೆಯವರು ಕಂಪ್ಯೂಟರ್‌ನಲ್ಲಿ ನೋಡಿ ಹೇಳಬಲ್ಲರು. ಎಷ್ಟೋ ಎತ್ತುಗಳ ಕಿವಿಯಿಂದ ಬಿಲ್ಲೆ ಕಿತ್ತು ಹಾಕಿರೋದು, "ಚಂದ ಕಾಣೂದಿಲ್ಲ" ಅನ್ನೋ ಕಾರಣಕ್ಕೆ. ಖಿಲಾರಿ ಎತ್ತಿಗೆ ಚಂದ ಮುಖ್ಯ ಖರೇ. ಆದರೂ ಬಿಲ್ಲೆ ಇಲ್ಲದ ದನದ ಬಗ್ಗೆ ಕೊಳ್ಳುವವ ಒಂದು ಪ್ರಶ್ನೆ ಹೆಚ್ಚು ಕೇಳಿದರೆ ತಪ್ಪಿಲ್ಲ. ದನಕ್ಕೆ ಜಡ್ಡು ಅನಿಸಿದರೆ 1962 ನಂಬರಿಗೆ ಫೋನ್ ಮಾಡಿದರೆ ಪಶು ಚಿಕಿತ್ಸಾ ವಾಹನದವರು ಮಾತಾಡ್ತಾರೆ.

ಕೊಂಡು ತಂದ ದನವನ್ನು ಮನೆ ದನಗಳ ದಾವಣಿಗೆ ಅದೇ ರಾತ್ರಿ ಕಟ್ಟೋದು ಇನ್ನೊಂದು ತಪ್ಪು. ಪೂಜೆ ಮಾಡಿ, ಆರತಿ ಎತ್ತಿ, ನೇರ ಹಳೇ ಎತ್ತಿನ ಮಗ್ಗಲಿಗೆ. ನಾಲ್ಕು ವಾರ ಬೇರೆ ಕಟ್ಟಬೇಕು, ಉಣ್ಣೆಗೆ ಔಷಧ ಹೊಡೆಯಬೇಕು ಅಂತ ಪಶುವೈದ್ಯರು ಹೇಳ್ತಾರೆ. ಎರಡು ಅಂಕಣದ ಮನೆಯಲ್ಲಿ ಬೇರೆ ಎಲ್ಲಿ ಕಟ್ಟೋದು ಅನ್ನೋದು ನ್ಯಾಯವಾದ ಮಾತು. ಹೊಲದಲ್ಲಿ ಗಿಡದ ಕೆಳಗಾದರೂ ಕಟ್ಟಿದರೆ ಏನೂ ಮಾಡದಿರೋದಕ್ಕಿಂತ ವಾಸಿ.

ಅಂಗಡಿಕಾರರಿಗೂ ಸಂಬಂಧ ಅದ

ಇದು ದನದವರ ಗೋಳು, ಪೇಟೆಗೇನು ಅಂತ ಅನ್ನುವ ಹಾಗಿಲ್ಲ. ಜಾತ್ರೆ ನಿಂತರೆ ಹಗ್ಗ, ಮಗಡ, ಗೆಜ್ಜೆ, ಬಾರಕೋಲು ಮಾರುವವರ ವರ್ಷದ ದುಡಿಮೆ ನಿಂತಂಗ. ಚಹಾದಂಗಡಿ, ಖಾನಾವಳಿ, ಹಿಂಡಿ ಅಂಗಡಿ, ಬಾಡಿಗೆ ಗಾಡಿ ಎಲ್ಲರಿಗೂ ಪೆಟ್ಟು. ಹಾಲಿನ ಪಗಾರ ನಿಂತ ಮನೆಯ ಉದ್ರಿ ಕಿರಾಣಿ ಅಂಗಡಿಯ ವಹಿಯಲ್ಲೇ ಉಳಿಯುತ್ತೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೆ ತಿಪ್ಪೆಗೊಬ್ಬರ ಬೇಕು, ದನ ಕಡಿಮೆ ಆದಂಗೆ ಅದರ ರೇಟು ಏರ್ತದೆ. ಜಾತ್ರೆಗೆ ಒಬ್ಬ ತಂದ ಜಡ್ಡಿನ ದನದಿಂದ ಮುಂದಿನ ಜಾತ್ರೆಯೇ ರದ್ದಾದರೆ, ಒಂದು ದನವನ್ನೂ ಮಾರದ ಅಂಗಡಿಕಾರ ಅದರ ದಂಡ ಕಟ್ತಾನೆ.

ಆಡು ಕುರಿಯ ಸಂತೆಯಲ್ಲಿ ಇದೇ ಕಥೆ ಇನ್ನೂ ಜೋರು. ಬಕ್ರೀದ್ ಮುಂದೆ, ಗ್ರಾಮದೇವತೆಯ ಜಾತ್ರೆಗಳ ಮುಂದೆ ವಾರಕ್ಕೆ ಎರಡು ಮೂರು ಸಂತೆ ತಿರುಗಿದ ಹೋತ ಕೊನೆಗೆ ಮಾರಾಟ ಆಗ್ತದೆ. ಪಿಪಿಆರ್ ರೋಗ ನಾಲ್ಕೈದು ದಿನದಲ್ಲೇ ಕಾಣಿಸಿಕೊಳ್ತದೆ, ಆದರೆ ಅಷ್ಟರಲ್ಲಿ ಅದು ಎಷ್ಟು ಹಿಂಡಿನ ಜೊತೆ ನಿಂತಿತ್ತೋ. ಇದಕ್ಕೆ ಒಂದು ಸಲ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯೋ ಲಸಿಕೆ ಇದೆ. ಹಾಕಿಸಿದ್ದೀನಿ ಅಂತ ಹೇಳಿ ಎರಡು ರೂಪಾಯಿ ಹೆಚ್ಚು ಕೇಳುವ ಕುರಿಗಾರನಿಗೆ ಕೊಡುವವರೂ ಇರಬೇಕು.

ಏನು ಮಾಡಬಹುದು ಅನ್ನೋದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಜಾತ್ರೆಯ ಗೇಟಿನಲ್ಲಿ ದನ ಒಳಗೆ ಬಿಡೋ ಮುಂಚೆ ಕಿವಿ ಬಿಲ್ಲೆ ನಂಬರ್, ಲಸಿಕೆ ದಿನಾಂಕ, ಮಾಲೀಕನ ಊರು, ಫೋನ್ ನಂಬರ್ ಬರೆಸಿ ಒಂದು ಚೀಟಿ ಕೊಡೋದು. ಆ ಚೀಟಿಯಲ್ಲೇ "ಒಂದು ತಿಂಗಳಿನಿಂದ ನನ್ನ ಕೊಟ್ಟಿಗೆಯಲ್ಲಿ ಅಂಟುರೋಗ ಇಲ್ಲ" ಅಂತ ಒಂದು ಸಾಲು, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಮಾರಾಟ ಆದಾಗ ಚೀಟಿ ಕೊಂಡವನ ಕೈಗೆ. ನಾಳೆ ಗಂಟು ಎದ್ದರೆ ಯಾರ ಊರಿಗೆ ಪಶುವೈದ್ಯರು ಮೊದಲು ಹೋಗಬೇಕು ಅಂತ ಅದರಿಂದಲೇ ಗೊತ್ತಾಗ್ತದೆ. ಸಹಿ ಮಾಡಿದ ಸಾಲು ಸುಳ್ಳಾದರೆ 1872ರ ಕಾಯ್ದೆಯಲ್ಲಿ ಅದು ಬರೀ ಮೌನ ಅಲ್ಲ, ಮೋಸ. ಕೊಂಡವ ವ್ಯವಹಾರ ಮುರಿಯಲು ಹಕ್ಕುದಾರ.

ಇನ್ನೊಂದು, ರೇಟಿನಲ್ಲಿ ಒಂದು ಪಾಲನ್ನು ದಲ್ಲಾಳಿಯ ಹತ್ತಿರ ನಾಲ್ಕು ವಾರ ಇಡೋದು. ದನ ಆರಾಮ ಇದ್ದರೆ ಮಾರಿದವನಿಗೆ, ಗಂಟು ಎದ್ದರೆ ಮಾತುಕತೆಗೆ. ಮಾರುವವರು ಇದಕ್ಕೆ ಸುಲಭಕ್ಕೆ ಒಪ್ಪೋದಿಲ್ಲ, ರೊಕ್ಕ ಇಟ್ಕೊಂಡ ದಲ್ಲಾಳಿಯನ್ನು ಯಾರು ನಂಬಬೇಕು ಅನ್ನೋದೂ ಪ್ರಶ್ನೆ. ಆದರೆ ಇವತ್ತು ಎರಡೂ ಕಡೆ ಕಮಿಷನ್ ತಗೊಂಡು, ಜಗಳ ಬಂದಾಗ "ನಂದೇನ್ ಅದರಾಗ" ಅಂತ ಟವೆಲ್ ಝಾಡಿಸೋ ದಲ್ಲಾಳಿಗೆ ಸ್ವಲ್ಪ ಹೊಣೆ ಬಿದ್ದರೆ, ಕೊಟ್ಟಿಗೆಯ ಪ್ರಶ್ನೆಯನ್ನು ಅವನೇ ಮೊದಲು ಕೇಳ್ತಾನೆ.

ಉಳಿದಿದ್ದು ಸರ್ಕಾರದ ಪಾಲು. ರೋಗ ಇದೆ ಅಂತ ತಾನೇ ಬಂದು ಹೇಳಿ ದನ ಕಟ್ಟಿಹಾಕಿದ ರೈತನಿಗೆ ಆ 28 ದಿನದ ಮೇವು ಯಾರು ಕೊಡ್ತಾರೆ? ಸತ್ತ ಎತ್ತಿಗೆ 30 ಸಾವಿರ ಕೊಟ್ಟ ಖಜಾನೆಯಲ್ಲಿ, ಬದುಕಿದ ಎತ್ತನ್ನು ಸಂತೆಗೆ ಒಯ್ಯದೆ ಕಟ್ಟಿಟ್ಟವನಿಗೆ ಒಂದು ಗಾಡಿ ಕಣಿಕೆಗಾದರೂ ಲೆಕ್ಕ ಹಾಕಿದ್ದಾರೇನು ಅಂತ ಈ ಸಲ ಜಾತ್ರೆ ಉದ್ಘಾಟನೆಗೆ ಬರೋ ಜನಪ್ರತಿನಿಧಿಗಳನ್ನು ತಿಕೋಟಾ, ಬಬಲೇಶ್ವರದ ರೈತರು ಕೇಳಬಹುದು.